ಆರೋಗ್ಯ ಪ್ರಶ್ನೋತ್ತರ: ಮಹಾಧಮನಿಗೆ ಸೋಂಕು ತಗುಲಿದಾಗ

ಪ್ರಶ್ನೆ: ಅಣ್ಣನಿಗೆ 58 ವರ್ಷ, ಸಕ್ಕರೆ ಕಾಯಿಲೆ, ಗದ್ದೆ ಕೆಲಸ. ಮಳೆಗಾಲದಲ್ಲಿ ಹಿಡಿದ ಜ್ವರ ಬಿಡಲಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ (ಮಹಾಧಮನಿ) ಹೃದಯದ ಹತ್ತಿರವೇ ಉಬ್ಬಿದೆ, ಅದಕ್ಕೆ ಸೋಂಕಾಗಿದೆ, ಎದೆ ತೆರೆಯಬೇಕು ಎನ್ನುತ್ತಾರೆ. ಸ್ಟೆಂಟ್ ಸಾಲದೆ? (ಅಂಕೋಲಾ)

ಉತ್ತರ: ಈ ಜಾಗದಲ್ಲಿ ಸಾಲದು. ಸ್ಟೆಂಟ್ ಒಳಗಿನಿಂದ ರಕ್ತ ಸೋರದಂತೆ ತಡೆಯುತ್ತದೆಯೇ ಹೊರತು ಕೊಳೆತ ಗೋಡೆ, ಕೀವು ಅಲ್ಲೇ ಉಳಿಯುತ್ತವೆ. ಮೇಲಾಗಿ ಹೃದಯಕ್ಕೂ ಮಿದುಳಿಗೂ ಹೋಗುವ ಕವಲುಗಳು ಅಲ್ಲೇ ಇರುವುದರಿಂದ ಸ್ಟೆಂಟ್ ಕೂರಿಸಲು ಜಾಗ ಸಿಗುವುದೇ ಕಷ್ಟ. ಸೋಂಕಿನ ಉಬ್ಬು ಕೆಲವೇ ದಿನಗಳಲ್ಲಿ ದೊಡ್ಡದಾಗಿ ಒಡೆಯಬಹುದು, ದಯವಿಟ್ಟು ತಡಮಾಡಬೇಡಿ.

ಉಬ್ಬು ಎದೆಮೂಳೆಗೆ ಅಂಟಿದ್ದರೆ ಮೂಳೆ ಸೀಳುವಾಗಲೇ ಒಡೆಯುವ ಭಯವಿದೆ. ಅದಕ್ಕೇ ತೊಡೆಯ ಅಥವಾ ಭುಜದ ರಕ್ತನಾಳದಿಂದ ಹಾರ್ಟ್-ಲಂಗ್ ಮಷಿನ್ (ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಮೊದಲೇ ಜೋಡಿಸುತ್ತಾರೆ. ಸೋಂಕು ಮಹಾಧಮನಿ ಬಾಗುವ ಕಮಾನಿನವರೆಗೂ ಹಬ್ಬಿದ್ದರೆ ಮೈಯನ್ನು 18ರಿಂದ 28 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿ, ರಕ್ತಸಂಚಾರ ನಿಲ್ಲಿಸಿ, ಮಿದುಳಿಗೆ ಮಾತ್ರ ಬೇರೆ ಕೊಳವೆಯಲ್ಲಿ ರಕ್ತ ಹರಿಸುತ್ತಾರೆ. ಆಪರೇಷನ್ನಿನ ಜೀವಾಳ ಇರುವುದು ಕತ್ತರಿಸುವುದರಲ್ಲಿ. ಮೆತ್ತಗಾದ ಗೋಡೆಯನ್ನೆಲ್ಲ, ಸುತ್ತಲಿನ ಕೀವುಗೂಡಿದ ಮಾಂಸದ ಸಮೇತ, ಗಟ್ಟಿ ಅಂಚು ಸಿಗುವವರೆಗೆ ತೆಗೆಯಬೇಕು. ಜಿಪುಣತನ ಮಾಡಿದರೆ ಹೊಲಿಗೆ ಹಿಡಿಯುವುದಿಲ್ಲ, ವಾರಗಳ ಮೇಲೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಆ ಜಾಗಕ್ಕೆ ದಾನಿಯ ಮಹಾಧಮನಿ, ದನದ ಹೃದಯಪೊರೆಯಿಂದ ಮಾಡಿದ ಕೊಳವೆ, ಇಲ್ಲವೇ ರಿಫಾಂಪಿಸಿನ್ ಎಂಬ ಆ್ಯಂಟಿಬಯಾಟಿಕ್‌ನಲ್ಲಿ ನೆನೆಸಿದ ಡ್ಯಾಕ್ರಾನ್ (ಕೃತಕ ಬಟ್ಟೆ) ಕೊಳವೆ ಹಾಕುತ್ತಾರೆ. ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಮೇಲೆಳೆದು ಅದಕ್ಕೆ ಸುತ್ತುವುದೂ ಉಂಟು. ಆ ಪೊರೆಯಲ್ಲಿ ರಕ್ತದ ಓಡಾಟ ಚೆನ್ನಾಗಿರುವುದರಿಂದ ಔಷಧ ಅಲ್ಲಿಗೆ ತಲುಪುತ್ತದೆ.

ಪ್ರಶ್ನೆ: ಆಪರೇಷನ್ ಆದಮೇಲೂ ತಿಂಗಳುಗಟ್ಟಲೆ ಇಂಜೆಕ್ಷನ್ ಯಾಕೆ? (ಕುಮಟಾ)

ಉತ್ತರ: ಕಣ್ಣಿಗೆ ಕಾಣದ ರೋಗಾಣು ಉಳಿದಿರಬಹುದು. ಸ್ಟೆಫೈಲೊಕಾಕಸ್, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆದರೆ ಸಾಮಾನ್ಯವಾಗಿ ಕನಿಷ್ಠ 6 ವಾರ. ನಮ್ಮ ಕರಾವಳಿಯಲ್ಲಿ ಮೆಲಿಯಾಯ್ಡೋಸಿಸ್ ಎಂಬ ಸೋಂಕುರೋಗವನ್ನು ಮರೆಯುವಂತಿಲ್ಲ. ಇದರ ಬ್ಯಾಕ್ಟೀರಿಯಾ ಕೆಸರು, ನೀರಿನಲ್ಲಿರುತ್ತದೆ. ಸಕ್ಕರೆ ಕಾಯಿಲೆಯವರನ್ನೇ ಹೆಚ್ಚು ಹಿಡಿಯುತ್ತದೆ. ರಕ್ತನಾಳಕ್ಕೆ ತಗುಲಿದರೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ 8 ವಾರ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ 6 ತಿಂಗಳು. ಮಾತ್ರೆ ನುಂಗುವಾಗ ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವುದು) ಪರೀಕ್ಷೆ ತಪ್ಪಿಸಬಾರದು. ಆ್ಯಂಟಿಬಯಾಟಿಕ್ ಶುರುವಿಗೆ ಮೊದಲೇ 2-3 ಜಾಗದಿಂದ ರಕ್ತದ ಕಲ್ಚರ್‌ಗೆ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ರಕ್ತ ತೆಗೆಯಬೇಕು. ರೋಗಿ ಗದ್ದೆ ಕೆಲಸದವರು ಎಂದು ಲ್ಯಾಬಿಗೆ ತಿಳಿಸಿ. ಇಲ್ಲದಿದ್ದರೆ ಮೆಲಿಯಾಯ್ಡೋಸಿಸ್ ಬ್ಯಾಕ್ಟೀರಿಯಾವನ್ನು ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪಾಗಿ ಬರೆಯುವುದಿದೆ.

ಪ್ರಶ್ನೆ: ಇಂಥ ರೋಗಿಯನ್ನು ಕಾರವಾರದಿಂದ ಹುಬ್ಬಳ್ಳಿಗೆ ಸಾಗಿಸುವಾಗ ಏನು ಎಚ್ಚರ ಬೇಕು? (ಕಾರವಾರ)

ಉತ್ತರ: ಅರಬೈಲ್ ಘಟ್ಟ ಹತ್ತುವ ಮುಂಚೆ ನೋವು ತಗ್ಗಿಸಿ, ಮೇಲಿನ ಬಿಪಿ 100ರಿಂದ 120ರೊಳಗೆ ಇರಿಸಬೇಕು. ಸೋಂಕಿನಿಂದ ಬಿಪಿ ಆಗಲೇ ಕುಸಿದಿದ್ದರೆ ಇಳಿಸುವ ಔಷಧ ಬೇಡ. ಸ್ಕ್ಯಾನಿನ ಸಿಡಿ, ಕಲ್ಚರ್ ವರದಿ ಜೊತೆಗಿರಲಿ. ಸರ್ಜನ್ನರಿಗೆ ಮೊದಲೇ ಫೋನ್ ಮಾಡಿಸಿ. ದಾರಿಯಲ್ಲಿ ಕೆಮ್ಮಿನಲ್ಲಿ ರಕ್ತ ಬಂದರೆ, ಎದೆ-ಬೆನ್ನು ಒಮ್ಮೆಲೇ ಸಿಡಿದಂತೆ ನೋವೆದ್ದರೆ ಆಪರೇಷನ್ ಥಿಯೇಟರ್ ಸಿದ್ಧವಾಗಿರಲು ಅಲ್ಲಿಂದಲೇ ತಿಳಿಸಿ.