ಬೇಟೆ ಹಕ್ಕಿಯ ಕಾಲಿನ ಸ್ನಾಯುಗಳ ಹೆಸರು ಬಾಯಿಪಾಠ ಮಾಡೋದು ಹೇಗೆ?

ಚಾರ್ಟ್ ನೋಡಿ ಹೆಸರು ಉರು ಹೊಡೆಯಲಾ, ಇಲ್ಲ ಡಿಸೆಕ್ಷನ್ ಮಾಡುತ್ತಲೇ ಕಲಿಯಲಾ ಅಂತ ಕೇಳಿದ್ದೀರಿ. ನಾನೂ ಚಾರ್ಟ್ ಗಿರಾಕಿಯೇ. ಎಂಎಸ್ಸಿಯಲ್ಲಿ ತೊಡೆಯಿಂದ ಬೆರಳಿನವರೆಗೆ ಎಲ್ಲ ಲ್ಯಾಟಿನ್ ಹೆಸರನ್ನೂ ಗಿಳಿಪಾಠ ಒಪ್ಪಿಸುತ್ತಿದ್ದೆ. ಆಮೇಲೆ ಟ್ರೇಗೆ ನಿಜವಾದ ಹದ್ದಿನ ಕಾಲು ಬಂತು. ತಾನಾಗಿ ಸತ್ತಿದ್ದ ಹಕ್ಕಿ, ಅನುಮತಿ ಪಡೆದು ಫ್ರೀಜರ್‌ನಲ್ಲಿ ಇಟ್ಟಿದ್ದರು.

ಹೊರಗಿನಿಂದ ಹಿಂದಕ್ಕೆ ಬಾಗಿದ ಮಂಡಿಯಂತೆ ಕಾಣುತ್ತಲ್ಲ, ಅದು ಮಂಡಿಯಲ್ಲ, ಪಾದದ ಕೀಲು. ನಿಜವಾದ ಮಂಡಿ ಗರಿಯೊಳಗೆ ಮೈಗೆ ಒತ್ತಿಕೊಂಡಿರುತ್ತದೆ. ಮಾಂಸವೆಲ್ಲ ಬಹುಪಾಲು ಮೇಲೆಯೇ. ಕೀಲಿನಿಂದ ಕೆಳಗೆ, ಹುರುಪೆ ಹೊದ್ದ ಭಾಗದಲ್ಲಿ, ಜಾಸ್ತಿ ಇರುವುದು ಸ್ನಾಯುವನ್ನು ಮೂಳೆಗೆ ಕಟ್ಟುವ ಬಿಳಿ ಹುರಿಗಳು, ಅಂದರೆ ಟೆಂಡನ್‌ಗಳು.

ನಾನು ಕೆಡಿಸಿದ್ದು ಆ ಕೀಲಿನ ಹಿಂಬದಿಯಲ್ಲಿ. ಬೆರಳು ಮಡಚುವ ಟೆಂಡನ್‌ಗಳು ಅಲ್ಲಿ ಒಂದೇ ಕಟ್ಟಾಗಿ, ಮೂಳೆಯ ಸಣ್ಣ ಕಾಲುವೆಗಳಲ್ಲಿ ತೂರಿ ಇಳಿಯುತ್ತವೆ. ಸ್ನಾಯುಗಳನ್ನು ನೀಟಾಗಿ ಎತ್ತಿ ಚಿತ್ರ ಬರೆಯೋಣ ಅಂತ ಆ ಕಟ್ಟನ್ನೇ ಅಡ್ಡಡ್ಡ ಕತ್ತರಿಸಿಬಿಟ್ಟೆ. ಗುರುತಿಗೆ ದಾರ ಕಟ್ಟಲಿಲ್ಲ, ಫೋಟೋ ಕೂಡ ತೆಗೆಯಲಿಲ್ಲ. ಚಾರ್ಟ್‌ನಲ್ಲಿ ಹೆಸರಿನ ಗೆರೆ ಮಾಂಸದ ಉಬ್ಬಿಗೇ ಹೋಗಿ ನಿಂತಿರುತ್ತದೆ ನೋಡಿ, ಅದಕ್ಕೇ ನನ್ನ ಪಾಲಿಗೆ ಸ್ನಾಯು ಅಂದರೆ ಆ ಉಬ್ಬು ಅಷ್ಟೇ. ಟೆಂಡನ್ ಬರೀ ಬಾಲ.

ಕತ್ತರಿಸಿದ ಮೇಲೆ ಮೇಲುಗಡೆ ಒಂದನ್ನೊಂದು ಹೋಲುವ ಮಾಂಸದ ತುಂಡುಗಳು, ಕೆಳಗಡೆ ಒಂದಷ್ಟು ಬಿಳಿ ತುದಿಗಳು. ಯಾವುದು ಯಾವುದರದ್ದು? ನನಗೆ ಮುಖ್ಯವಾಗಿ ಬೇಕಿದ್ದದ್ದು ಆಳದ ಜೋಡಿ. ಫ್ಲೆಕ್ಸರ್ ಡಿಜಿಟೋರಮ್ ಲಾಂಗಸ್ ಮುಂದಿನ ಮೂರು ಬೆರಳಿಗೆ ಹೋಗುತ್ತದೆ, ಫ್ಲೆಕ್ಸರ್ ಹಾಲ್ಯೂಸಿಸ್ ಲಾಂಗಸ್ ಹಿಂಬೆರಳಿಗೆ. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದೆ. ಹಿಂಬೆರಳು ಮಡಚಿತು, ಜತೆಗೆ ಮುಂದಿನ ಬೆರಳೂ ಮಡಚಿತು! ಎರಡು ಟೆಂಡನ್ ಒಟ್ಟಿಗೆ ಹಿಡಿದಿದ್ದೇನೆ ಅಂದುಕೊಂಡೆ. ಅಲ್ಲ. ಹಲವು ಬೇಟೆ ಹಕ್ಕಿಗಳಲ್ಲಿ ಇವೆರಡರ ನಡುವೆ ಒಂದು ಜೋಡಣೆಯ ಪಟ್ಟಿ ಇರುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಇನ್ನೊಂದು ಕಾಲನ್ನೂ ಹಾಗೇ ಕತ್ತರಿಸಿ ಆಗಿತ್ತು. ಬೇರೆ ಹಕ್ಕಿ ಸಿಗಲಿಲ್ಲ, ಪ್ರಾಜೆಕ್ಟ್ ವಿಷಯವನ್ನೇ ಬದಲಿಸಬೇಕಾಯಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬಾಯಿಪಾಠ ಯಾಕೆ? ಉಗುರಿನಿಂದ ಶುರು ಮಾಡಿ. ಒಂದು ಬೆರಳಿನ ಟೆಂಡನ್ ಹಿಡಿದು ಮೇಲಕ್ಕೆ ಹೋಗಿ, ಕೀಲು ದಾಟುವ ಮೊದಲೇ ಬಣ್ಣದ ದಾರ ಕಟ್ಟಿ, ಮಾಂಸ ಸಿಕ್ಕಾಗ ಹೆಸರು ಬರೆಯಿರಿ. ಏನನ್ನೂ ಕತ್ತರಿಸಬೇಡಿ. ಸಾಧ್ಯವಾದರೆ ಫಾರ್ಮಲಿನ್ (ಮಾಂಸ ಕೆಡದಂತೆ ಇಡುವ ದ್ರಾವಣ) ಹಾಕದ ಕಾಲನ್ನೇ ಕೇಳಿ. ಫಾರ್ಮಲಿನ್‌ನಲ್ಲಿ ಬಿಗಿದುಹೋದ ಕಾಲಿನಲ್ಲಿ ಎಳೆದರೆ ಏನು ಅಲುಗಾಡುತ್ತೆ ಅಂತ ನೋಡೋಕೆ ಆಗಲ್ಲ.

ಟೆಂಡನ್ ಸುಮ್ನೆ ಬಾಲ ಅಲ್ಲ ಅನ್ನೋದಕ್ಕೆ ಬೆರಳಿನ ಅಡಿಯಲ್ಲೇ ಸಾಕ್ಷಿ ಇದೆ. ಲೆನ್ಸ್ ಹಿಡಿದು ನೋಡಿ. ಟೆಂಡನ್‌ನ ಕೆಳಮೈಯಲ್ಲಿ ಪುಟ್ಟ ಗುಬುಟುಗಳು, ಅದರ ಹೊದಿಕೆಯ ಒಳಗೆ ಅಡ್ಡ ಮಡಿಕೆಗಳು. ಬೆರಳು ಬೇಟೆಯನ್ನು ಬಿಗಿದಾಗ ಇವೆರಡೂ ಕೇಬಲ್ ಟೈನ ಹಲ್ಲಿನಂತೆ ಕಚ್ಚಿಕೊಳ್ಳುತ್ತವೆ. ಆಮೇಲೆ ಸ್ನಾಯು ಅಷ್ಟು ಬಲ ಹಾಕದಿದ್ದರೂ ಹಿಡಿತ ಸಡಿಲವಾಗುವುದಿಲ್ಲ. ಎಷ್ಟು ಹೆಸರು ಉರು ಹೊಡೆದರೂ ಇದು ಚಾರ್ಟ್‌ನಲ್ಲಿ ಸಿಗೋದಿಲ್ಲ.

ಚಾರ್ಟ್ ಬೇಕೇ ಬೇಕು ಅಂದರೆ ಯಾವ ಹಕ್ಕಿಯದ್ದು ಅಂತ ಮೊದಲು ನೋಡಿಕೊಳ್ಳಿ. ಹದ್ದಿನಲ್ಲಿ ಆಂಬಿಯೆನ್ಸ್ ಅನ್ನೋ ತೆಳು ಸ್ನಾಯು ತೊಡೆಯ ಒಳಬದಿಯಿಂದ ಬಂದು ಮಂಡಿಯ ಮುಂದೆ ಹಾದುಹೋಗುತ್ತದೆ. ನಿಮಗೆ ಸಿಕ್ಕಿದ್ದು ಗೂಬೆಯಾದರೆ ಅದನ್ನು ಹುಡುಕುತ್ತಾ ಕೂರಬೇಡಿ, ಗೂಬೆಗೆ ಅದು ಇರುವುದೇ ಇಲ್ಲ.