ಅಭ್ರಕದ ಮೇಲಿನ ಡಿಎನ್‌ಎ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಅಭ್ರಕದ (ಮೈಕಾ) ಮೇಲೆ ಹರಡಿದ ಡಿಎನ್‌ಎಯ ಚಿತ್ರಗಳಿಂದ ಅದರ ಗಡಸುತನ ಅಳೆಯುವ ನಿಮ್ಮ ‘ಡಿಎನ್‌ಎಯ ನಿಜರೂಪ’ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು, ಆದರೆ ತಿದ್ದಿದರೆ ಖಂಡಿತ ಬೇಕು. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಮೊನೆ ಮೇಲ್ಮೈಯನ್ನು ತಡವಿ ಚಿತ್ರ ಕಟ್ಟುವ ಬಗೆಯನ್ನು ತುಂಬ ತಿಳಿಯಾಗಿ ಬರೆದಿದ್ದೀರಿ. ಅದರಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ.

ತೊಡಕು ಶೀರ್ಷಿಕೆಯಲ್ಲೇ ಇದೆ. ಚಿತ್ರದಲ್ಲಿರುವುದು ಅಭ್ರಕಕ್ಕೆ ಅಂಟಿ ಒಣಗಿದ ಡಿಎನ್‌ಎ, ನೀರಿನಲ್ಲಿ ತೇಲಾಡುವ ಡಿಎನ್‌ಎ ಅಲ್ಲ. ಆ ಆಕಾರದಲ್ಲಿ ಅಣುವಿನ ಪಾಲೆಷ್ಟು, ಹಾಸಿನ ಪಾಲೆಷ್ಟು ಎಂಬುದೇ ಈ ವಿಷಯದ ಜೀವಾಳ. ನೀವು ಅಭ್ರಕವನ್ನು ‘ಸಮತಟ್ಟಾದ ಹಾಸು’ ಎಂದು ಒಂದೇ ಸಲ ಹೆಸರಿಸಿ ಮುಂದೆ ಹೋಗಿದ್ದೀರಿ.

ನೀರಿನಲ್ಲಿ ಅಭ್ರಕದ ಮೈಯೂ ಡಿಎನ್‌ಎಯೂ ಋಣ ವಿದ್ಯುದಂಶ ಹೊತ್ತವು. ನಡುವೆ ಮೆಗ್ನೀಸಿಯಂನಂಥ ಧನ ಅಯಾನು ಬಂದರಷ್ಟೇ ಅಂಟುತ್ತವೆ. ಆ ಹಿಡಿತ ಸಡಿಲ, ಹಾಗಾಗಿ ಎಳೆ ಹಾಸಿನ ಮೇಲೆ ಜರುಗಾಡಿ ಎರಡು ಆಯಾಮದ ಸಮತೋಲಕ್ಕೆ ಬರುತ್ತದೆ. ಧನ ವಿದ್ಯುದಂಶದ ಪಾಲಿಲೈಸಿನ್ ಸವರಿದ ಅಭ್ರಕವಾದರೆ ಎಳೆ ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. 1996ರಲ್ಲಿ ರಿವೆಟ್ಟಿ, ಗಟ್‌ಹೋಲ್ಡ್, ಬುಸ್ಟಮಾಂಟೆ ಎಂಬ ಸಂಶೋಧಕರು ಈ ಎರಡು ಸ್ಥಿತಿಗಳನ್ನು ಲೆಕ್ಕಹಾಕಿ ಬೇರ್ಪಡಿಸಿ ತೋರಿಸಿದರು. 1000 ಬೇಸ್ ಜೋಡಿಯ, ಅಂದರೆ 340 ನ್ಯಾನೋಮೀಟರ್ ಉದ್ದದ ಎಳೆಯನ್ನೇ ತೆಗೆದುಕೊಳ್ಳಿ. ತುದಿಯಿಂದ ತುದಿಗಿರುವ ದೂರದ ವರ್ಗಸರಾಸರಿಯ ವರ್ಗಮೂಲ, ಸಮತೋಲಕ್ಕೆ ಬಂದಾಗ ಸುಮಾರು 220 ನ್ಯಾನೋಮೀಟರ್. ಬಿದ್ದಲ್ಲೇ ಸಿಕ್ಕಿಕೊಂಡಾಗ ಸುಮಾರು 140. ಅದೇ ಅಣು, ಅದೇ ಬಾಗುಗುಣ.

‘ಅಭ್ರಕದ ಮೇಲೆ ಡಿಎನ್‌ಎ ಎರಡು ಪಟ್ಟು ಗಡಸಾಗುತ್ತದೆ’ ಎಂಬ ನಿಮ್ಮ ಮುಖ್ಯ ತೀರ್ಮಾನ ಕುಸಿಯುವುದೂ ಇಲ್ಲೇ. ಪರ್ಸಿಸ್ಟೆನ್ಸ್ ಲೆಂಗ್ತ್ ಅಂದರೆ ಎಳೆ ತಾನು ಹೊರಟ ದಿಕ್ಕನ್ನು ಎಷ್ಟು ದೂರ ಉಳಿಸಿಕೊಳ್ಳುತ್ತದೆ ಎಂಬ ಅಳತೆ; ಡಿಎನ್‌ಎಗೆ ಅದು ಸುಮಾರು 50 ನ್ಯಾನೋಮೀಟರ್. ನಿಮಗೆ 100 ಬಂದಿರುವುದು ಚಪ್ಪಟೆ ಎಳೆಗೆ ಮೂರು ಆಯಾಮದ ಸೂತ್ರ ಹಾಕಿದ್ದರಿಂದ. ಎರಡು ಆಯಾಮದಲ್ಲಿ ಎಳೆ ಒಂದೇ ಸಮತಲದಲ್ಲಿ ಬಾಗಬಲ್ಲದು, ಆದ್ದರಿಂದ ದಿಕ್ಕಿನ ನೆನಪು ಅಳಿಯಲು ಇಮ್ಮಡಿ ದೂರ ಬೇಕು. ಸೂತ್ರದಲ್ಲಿ ಆ ಎರಡರ ಗುಣಕ ಸೇರಿಸಿದರೆ ನಿಮ್ಮ ಅಂಕಿ 50ಕ್ಕೆ ಇಳಿಯುತ್ತದೆ. ಅದಕ್ಕೂ ಮೊದಲು ಎಳೆಗಳು ಸಮತೋಲಕ್ಕೆ ಬಂದಿದ್ದವೇ ನೋಡಿ: ಎಳೆಯುದ್ದಕ್ಕೂ ನಿಗದಿತ ಅಂತರದ ಬಾಗುಕೋನಗಳನ್ನು ಅಳೆದು, ನಾಲ್ಕನೇ ಘಾತದ ಸರಾಸರಿಯನ್ನು ವರ್ಗಸರಾಸರಿಯ ವರ್ಗದಿಂದ ಭಾಗಿಸಿದರೆ 3ರ ಆಸುಪಾಸು ಬರಬೇಕು.

‘ಮಾದರಿಯನ್ನು ಸಿದ್ಧಪಡಿಸಲಾಯಿತು’ ಎಂದರೆ ಓದುಗರಿಗೆ ಏನೂ ಸಿಕ್ಕದು. ಹಂತಗಳನ್ನು ಬರೆಯಿರಿ. ಅಂಟುಪಟ್ಟಿಯಿಂದ ಅಭ್ರಕದ ಮೇಲ್ಪದರ ಕಿತ್ತು ಹೊಸ ಮೈ ತೆಗೆಯುವುದು. ಮೈಕ್ರೋಲೀಟರಿಗೆ ಸುಮಾರು 1 ನ್ಯಾನೋಗ್ರಾಂ ಡಿಎನ್‌ಎ, 5ರಿಂದ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರುವ ದ್ರಾವಣವನ್ನು 10–20 ಮೈಕ್ರೋಲೀಟರ್ ಹನಿಸುವುದು. ಕೆಲವು ನಿಮಿಷ ಬಿಟ್ಟು ಶುದ್ಧ ನೀರಲ್ಲಿ ತೊಳೆದು ನೈಟ್ರೋಜನ್ನಿನಲ್ಲಿ ಒಣಗಿಸುವುದು. ಕೆಡುವುದನ್ನೂ ಬರೆಯಿರಿ. ಡಿಎನ್‌ಎಯನ್ನು ಇಡುವ ಟಿಇ ಬಫರಿನಲ್ಲಿ ಇಡಿಟಿಎ ಇರುತ್ತದೆ; ಅದು ಮೆಗ್ನೀಸಿಯಂ ಅನ್ನು ಹಿಡಿದುಹಾಕುತ್ತದೆ, ಹಾಸು ಖಾಲಿ ಕಾಣುತ್ತದೆ. ಸೋಡಿಯಂ ಜಾಸ್ತಿಯಾದರೂ ಅದೇ ಗತಿ. ತೊಳೆಯದಿದ್ದರೆ ಉಪ್ಪಿನ ಹರಳು. ಅನಿಲ ಜೋರಾಗಿ ಬಿಟ್ಟರೆ ಎಳೆಗಳೆಲ್ಲ ಬಾಚಿದ ಹಾಗೆ ಒಂದೇ ಕಡೆ ಮಲಗುತ್ತವೆ, ಮತ್ತೆ ‘ಗಡಸು’ ಎಂದು ಮೋಸಹೋಗುತ್ತೇವೆ.

ತಮ್ಮನ್ನೇ ತಾವು ಅಡ್ಡ ಹಾಯ್ದ ಎಳೆಗಳನ್ನು ಅಳತೆಯಿಂದ ಬಿಟ್ಟಿದ್ದೀರಿ, ಚಿತ್ರದ ಅಂಚು ಮುಟ್ಟಿದವನ್ನೂ ಬಿಟ್ಟಿದ್ದೀರಿ. ಮೊದಲನೆಯದು ಸರಾಸರಿಯನ್ನು ನೀಳ ಎಳೆಗಳ ಕಡೆಗೆ ವಾಲಿಸುತ್ತದೆ, ಎರಡನೆಯದು ಮುದುಡಿದವುಗಳ ಕಡೆಗೆ. ಎಷ್ಟೆಷ್ಟು ಬಿಟ್ಟಿರೆಂದು ಬರೆಯಿರಿ.

‘2 ನ್ಯಾನೋಮೀಟರ್ ದಪ್ಪದ ಎಳೆ ಕಾಣುತ್ತದೆ’ ಎಂಬ ವಾಕ್ಯ ತೆಗೆಯಿರಿ. ಗಾಳಿಯಲ್ಲಿ ಎತ್ತರ ಸಾಮಾನ್ಯವಾಗಿ 1 ನ್ಯಾನೋಮೀಟರಿಗೂ ಕಡಿಮೆ ಬರುತ್ತದೆ, ಅಗಲ ಮೊನೆಯ ದಪ್ಪದಿಂದಾಗಿ 10 ದಾಟುತ್ತದೆ. ಮೂರನೇ ಚಿತ್ರದ ಬಣ್ಣದ ಪಟ್ಟಿಗೆ ಅಳತೆಯಿಲ್ಲ. ಅದನ್ನು ಸೇರಿಸಿ, ಎಳೆಗಳ ಉದ್ದದ ಹಂಚಿಕೆಯ ನಕ್ಷೆಯೊಂದಿಗೆ ಮತ್ತೆ ಕಳಿಸಿ.

ಸಂಪಾದಕರು