ಎತ್ತರಿಸಿದ ಹಳೆ ಜಿಪ್ಸಿ 65 ದಾಟಿದರೆ ನಡುಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ 'ಟಕ್' ಅನ್ನುತ್ತದೆ. ಡಿಫರೆನ್ಷಿಯಲ್ ಹೋಗಿದೆಯೇ?

ನಿಮ್ಮ ವಿವರ ಇಷ್ಟು: ಹಳೆಯ ಎಂಜಿ413, ಹಿಂದೆ ಮುಂದೆ ಎರಡೂ ಕಡೆ ಉದ್ದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ), 235/75 ಆರ್15 ಟೈರು, 65-70ರಲ್ಲಿ ಸೀಟಿನಡಿ ನಡುಕ, ಕಾಲು ತೆಗೆದಾಗ 'ಟಕ್'. ಗ್ಯಾರೇಜಿನವರು ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಜೋಡಿ ಗೇರು) ಬದಲಿಸಿ ಅಂದಿದ್ದಾರೆ. ಸದ್ಯಕ್ಕೆ ಡಿಫರೆನ್ಷಿಯಲ್ ಹೌಸಿಂಗ್ ಬಿಚ್ಚಿಸಬೇಡಿ. ಶ್ಯಾಕಲ್ ಹಾಕಿದ ಮೇಲೆ ನಡುಕ ಶುರುವಾಗಿದ್ದರೆ ಮೊದಲ ಅನುಮಾನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನದ ಮೇಲೆ, ಎರಡನೆಯದು ಆ ಶಕ್ತಿಯನ್ನು ಹಿಂದಿನ ಮುಂದಿನ ಆಕ್ಸಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟುಗಳ ಮೇಲೆ.

ನಡುಗುತ್ತಿರುವುದು ಯಾವುದು ಅನ್ನುವುದನ್ನು ವೇಗದಿಂದಲೇ ಹಿಡಿಯಬಹುದು. ನಿಮ್ಮ ಟೈರಿನ ಸುತ್ತಳತೆ ಸುಮಾರು 2.3 ಮೀಟರ್. ಅಂದರೆ 70ರಲ್ಲಿ ಚಕ್ರ ಸೆಕೆಂಡಿಗೆ ಎಂಟೂವರೆ ಸುತ್ತು ತಿರುಗುತ್ತದೆ, ಪ್ರೊಪೆಲ್ಲರ್ ಅದರ ನಾಲ್ಕರಷ್ಟು ಹತ್ತಿರ. ಟೈರಿನ ದೋಷವಾದರೆ ಸ್ಟೀರಿಂಗೋ ಸೀಟೋ ನಿಧಾನವಾಗಿ ಅಲುಗಾಡುತ್ತದೆ, ಎಣಿಸಬಹುದು ಅನ್ನಿಸುವಷ್ಟು. ಶಾಫ್ಟಿನದಾದರೆ ನೆಲದ ಶೀಟು ಗುಂಯ್‌ಗುಡುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗುತ್ತದೆ. 70ರಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ನಡುಕ ಹಾಗೇ ಉಳಿದರೆ ಎಂಜಿನ್ ಪಾರು. ಬ್ಯಾಲೆನ್ಸ್ ತಪ್ಪಿದ ಶಾಫ್ಟು ಅಥವಾ ಟೈರು ಅಂದುಕೊಳ್ಳಿ. ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಆದರೆ ಕೋನ ಅಥವಾ ಪಿನಿಯನ್.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಇದರಿಂದ ನಿಮಗೊಂದು ಲಾಭ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ನಲ್ಲಿಡಿ. ಮೂರನೇ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಏರಿಸಿ. ಹಿಂದಿನ ಮುಂದಿನ ಶಾಫ್ಟುಗಳು ನಿಂತಿರುತ್ತವೆ, ಗಿಡ್ಡ ಶಾಫ್ಟು ಮಾತ್ರ ತಿರುಗುತ್ತದೆ. ಆಗಲೂ ಅದೇ ನಡುಕ ಬಂದರೆ ಡಿಫರೆನ್ಷಿಯಲ್ ಮಾತೇ ಬೇಡ. ನಡುಕ ಬರಲಿಲ್ಲವಾದರೆ ಮುಂದಿನ ಶಾಫ್ಟಿನ ಬೋಲ್ಟು ಕಳಚಿ, ಅದನ್ನು ಪೂರ್ತಿ ತೆಗೆದು, ಹಿಂಚಕ್ರಕ್ಕೆ ಮಾತ್ರ ಶಕ್ತಿ ಹೋಗುವ 2ಎಚ್‌ನಲ್ಲಿ ಓಡಿಸಿ ನೋಡಿ. ಎರಡು ತುದಿಯಲ್ಲೂ ಫ್ಲ್ಯಾಂಜ್ (ಬೋಲ್ಟು ಬಿಗಿಯುವ ತಟ್ಟೆ) ಇರುವುದರಿಂದ ಆಯಿಲ್ ಸೋರುವುದಿಲ್ಲ. ಫ್ರೀವೀಲ್ ಹಬ್ (ಮುಂಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಹಬ್) ಇಲ್ಲದ ಗಾಡಿಯಲ್ಲಿ 2ಎಚ್‌ನಲ್ಲೂ ಈ ಶಾಫ್ಟು ಸುಮ್ಮನೆ ಸುತ್ತುತ್ತಲೇ ಇರುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ.

ಈಗ ಕೋನ. ಹಿಂದಿನ ಸ್ಪ್ರಿಂಗಿನ ಹಿಂತುದಿಯಲ್ಲಿ ಉದ್ದ ಶ್ಯಾಕಲ್ ಬಂದರೆ ಆ ತುದಿ ಕೆಳಗಿಳಿಯುತ್ತದೆ, ಆಕ್ಸಲ್ ತಿರುಗಿ ಪಿನಿಯನ್ ಮೂತಿ ಮೇಲೇಳುತ್ತದೆ. ಶಾಫ್ಟಿನ ತುದಿಯಲ್ಲಿ ಬಾಗಲು ಬಿಡುವ ಒಂದು ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಕೋನದಲ್ಲಿದ್ದರೆ ಮಾತ್ರ ಈ ಏರಿಳಿತ ಅಳಿಯುತ್ತದೆ.

ಸಮತಟ್ಟು ಜಾಗದಲ್ಲಿ, ಚಕ್ರಗಳು ನೆಲದ ಮೇಲೇ ಇರುವಾಗ, ಮ್ಯಾಗ್ನೆಟ್ ಇರುವ ಆಂಗಲ್ ಗೇಜಿನಿಂದ ಮೂರು ಅಳತೆ ತೆಗೆಯಿರಿ: ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಫ್ಲ್ಯಾಂಜ್, ಶಾಫ್ಟಿನ ಕೊಳವೆ, ಪಿನಿಯನ್ ಫ್ಲ್ಯಾಂಜ್. ಉದಾಹರಣೆಗೆ ಔಟ್‌ಪುಟ್ ಹಿಂದಕ್ಕೆ 2 ಡಿಗ್ರಿ ಇಳಿಜಾರು, ಶಾಫ್ಟು 12 ಡಿಗ್ರಿ, ಪಿನಿಯನ್ ಮೂತಿ 7 ಡಿಗ್ರಿ ಮೇಲೆ ಅಂತಿರಲಿ. ಮೇಲಿನ ಜಾಯಿಂಟ್ 10, ಕೆಳಗಿನದು 5. ಎರಡರ ವ್ಯತ್ಯಾಸ 1 ಡಿಗ್ರಿಯೊಳಗೆ ಇರಬೇಕು, ಇಲ್ಲಿ 5 ಇದೆ. ನಡುಕ ಬಾರದೆ ಇನ್ನೇನು?

ಪಿನಿಯನ್ನನ್ನು 5-6 ಡಿಗ್ರಿ ಇಳಿಸಲು ಸ್ಪ್ರಿಂಗ್ ಮತ್ತು ಆಕ್ಸಲ್ ಪ್ಯಾಡಿನ ನಡುವೆ ಓರೆ ಶಿಮ್ (ಬೆಣೆಯಂಥ ತುಂಡು) ಬೇಕು. ಅಲ್ಯೂಮಿನಿಯಂ ಒಡೆಯುತ್ತದೆ, ಉಕ್ಕಿನದೇ ಹಾಕಿಸಿ. ಕಂಪನಿ ಕೊಟ್ಟಂತೆ ಸ್ಪ್ರಿಂಗ್ ಆಕ್ಸಲಿನ ಕೆಳಗಿದ್ದರೆ ಶಿಮ್ಮಿನ ದಪ್ಪ ಭಾಗ ಹಿಂದಕ್ಕೆ. ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸಿದ ಗಾಡಿಯಲ್ಲಿ ದಪ್ಪ ಭಾಗ ಮುಂದಕ್ಕೆ. ಒತ್ತಿ ಓಡಿಸುವಾಗ ಸ್ಪ್ರಿಂಗ್ ತಿರುಚಿ ಪಿನಿಯನ್ ಒಂದೆರಡು ಡಿಗ್ರಿ ಮೇಲೇಳುವುದರಿಂದ, ನಿಂತಾಗ ಪಿನಿಯನ್ 1 ಡಿಗ್ರಿ ಕೆಳಗೆ ಇಟ್ಟರೇ ಒಳ್ಳೆಯದು. ಯು-ಬೋಲ್ಟನ್ನು 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.

ಮುಂದಿನ ಆಕ್ಸಲಿಗೆ ಇದೇ ಶಿಮ್ ಲೆಕ್ಕ ಹಾಕಬೇಡಿ. ಅಲ್ಲಿ ಉದ್ದ ಶ್ಯಾಕಲ್ ಕ್ಯಾಸ್ಟರ್ (ಸ್ಟೀರಿಂಗನ್ನು ನೇರಕ್ಕೆ ತರುವ ಹಿಂಬಾಗು) ತಿಂದು ಹಾಕಿರುತ್ತದೆ, ಸ್ಟೀರಿಂಗ್ ಅಡ್ಡಾಡುವುದು ಅದರಿಂದಲೇ. ಅಲ್ಲಿ ಕ್ಯಾಸ್ಟರ್ ಮೊದಲು ಸರಿಯಾಗಲಿ.

ಶಾಫ್ಟು ಬಿಚ್ಚುವ ಮುನ್ನ ಎರಡು ಫ್ಲ್ಯಾಂಜಿಗೂ ಸ್ಪ್ಲೈನಿಗೂ (ಹಲ್ಲು ಕೊರೆದ ಜಾರುವ ಜೋಡಣೆ) ಬಿಳಿ ಪೇಂಟಿನ ಗುರುತು ಹಾಕಿ. ಸ್ಪ್ಲೈನ್ ಕಳಚಿ ಒಂದು ಹಲ್ಲು ಆಚೀಚೆ ಜೋಡಿಸಿದರೂ ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವೆ) ಒಂದೇ ಸಾಲಿನಲ್ಲಿ ಬರುವುದಿಲ್ಲ, ಆಮೇಲೆ ಎಷ್ಟು ಶಿಮ್ ಹಾಕಿದರೂ ನಡುಕ ಹೋಗದು. ಕ್ರಾಸನ್ನು ಕೈಯಲ್ಲಿ ಆಡಿಸಿ ನೋಡಿ: ಸಲೀಸಾಗಿ, ಒಂದೇ ಬಿಗುವಿನಲ್ಲಿ ಆಡಬೇಕು. ನಡುವೆ ಎಲ್ಲಾದರೂ ಕಚ್ಚಿ ನಿಂತರೆ ಕಪ್ಪಿನೊಳಗೆ ಸೂಜಿ ಬೇರಿಂಗ್ ಗುಳಿ ಬಿದ್ದಿದೆ ಅಂತಲೇ ಅರ್ಥ. ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರಂತೂ ಅನುಮಾನವೇ ಬೇಡ.

'ಟಕ್' ವಿಷಯ. ಟ್ರಾನ್ಸ್‌ಫರ್ ಕೇಸಿನಡಿ ಟೈರ್ ಲಿವರ್ ಕೊಟ್ಟು ಎತ್ತಿ. ರಬ್ಬರು ಲೋಹದಿಂದ ಬಿಟ್ಟು ಬಾಯಿ ತೆರೆದರೆ ಮೌಂಟುಗಳನ್ನು ಒಟ್ಟಿಗೇ ಬದಲಿಸಿ. ಒಂದನ್ನೇ ಬದಲಿಸಿದರೆ ಕೇಸ್ ಓರೆಯಾಗಿ ಕೂತು ಗಿಡ್ಡ ಶಾಫ್ಟಿನ ಕೋನ ಕೆಡುತ್ತದೆ.

ಇದೆಲ್ಲ ಸರಿ ಮಾಡಿದ ಮೇಲೂ ಸದ್ದು ಉಳಿದರೆ ಮಾತ್ರ ಡಿಫರೆನ್ಷಿಯಲ್. ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಕೂಗಿದರೆ ಹಲ್ಲಿನ ಸಂಪರ್ಕ ಕೆಟ್ಟಿದೆ. ಯಾವಾಗಲೂ ಗುರ್ ಅಂದರೆ ಬೇರಿಂಗ್. ತಿರುವಿನಲ್ಲಿ ಮಾತ್ರವಾದರೆ ಒಳಗಿನ ಸಣ್ಣ ಗೇರುಗಳು ಅಥವಾ ಹಿಂಚಕ್ರದ ಬೇರಿಂಗ್. ಆಯಿಲ್ ಇಳಿಸಿ ನೋಡಿ: ಬೂದು ಬಣ್ಣದ ನುಣ್ಣನೆ ಕೆಸರು ಸಹಜ, ಬೆರಳಿಗೆ ಚುಚ್ಚುವ ಚೂರು ಸಹಜವಲ್ಲ. ಹಾಲಿನಂತಾಗಿದ್ದರೆ ನೀರು ಸೇರಿದೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ, ಬ್ರೀದರ್ (ಆಕ್ಸಲಿನ ಗಾಳಿತೂತು) ಕಟ್ಟಿಕೊಂಡಿದ್ದರೆ, ಸೀಲಿನ ಮೂಲಕ ನೀರೆಳೆದುಕೊಳ್ಳುತ್ತದೆ. ಸಕಲೇಶಪುರ, ಕೊಡಗಿನ ಕಡೆ ಓಡುವ ಗಾಡಿಯಾದರೆ ಬ್ರೀದರಿಗೆ ಪೈಪ್ ಕೊಟ್ಟು ಬಾನೆಟ್ಟಿನೊಳಗೆ ತನ್ನಿ. ಮತ್ತೆ ತುಂಬುವಾಗ ಜಿಎಲ್-5 ದರ್ಜೆಯ 80ಡಬ್ಲ್ಯೂ-90, ಫಿಲ್ಲರ್ ತೂತಿನ ಅಂಚಿನವರೆಗೆ.

ಪಿನಿಯನ್ ಸೀಲ್ ಬದಲಿಸುವ ನೆಪದಲ್ಲಿ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಬಿಗಿಯಲು ಬಿಡಬೇಡಿ. ಒಳಗಿನ ಸ್ಪೇಸರ್ ಅಳತೆ ಮೀರಿ ಕುಗ್ಗಿದರೆ ಬೇರಿಂಗ್ ಬಿಗಿದುಕೊಂಡು ಸುಡುತ್ತದೆ, ನಟ್ಟು ಸಡಿಲಿಸಿದರೂ ಆ ಸ್ಪೇಸರ್ ಹಿಂದಿನ ಅಳತೆಗೆ ಬರುವುದಿಲ್ಲ, ಹೊಸದೇ ಹಾಕಬೇಕು.